ಸೂರ್ಯೋದಯದ ದಲ್ಲಾಳಿಗಳು

ಕೊನೆಗೆ ಸೂರ್ಯನಿಗೂ ಟಿಕೆಟ್ಟು ಬಂತು. ಗಾಳಿ, ನೀರು, ಬೆಳಕು ಈ ಮೂರೂ ಬಡವನಿಗೂ ಬಲ್ಲಿದನಿಗೂ ಒಂದೇ ಸಮನಾಗಿ ಪುಕ್ಕಟೆ ದೊರೆಯತಕ್ಕವು ಎಂದು ಹಿರಿಯರು ಹೇಳುತ್ತಿದ್ದರು. ನೀರು ಸೀಸೆಯನ್ನು ಸೇರಿ ಬಹಳ ಕಾಲವಾಯಿತು. ಗಾಳಿಯನ್ನು ಸೋಸಿಕೊಡುವ ಯಂತ್ರವೂ ಅಂಗಡಿಗೆ ಬಂದಿದೆ. ಉಳಿದಿದ್ದದ್ದು ಬೆಳಕು ಒಂದೇ. ಅದನ್ನೂ ಈಗ ಶನಿವಾರ ರಾತ್ರಿಯ ವ್ಯಾನಿನಲ್ಲಿ, ತಲೆಗೆ ಇಷ್ಟು ಎಂಬ ದರದ ಮೇಲೆ, ಉಪಾಹಾರ ಸಹಿತವಾಗಿ ಮಾರುತ್ತಿದ್ದಾರೆ.

ವ್ಯಾಪಾರದ ಕ್ರಮವನ್ನು ಅರಿಯದ ವಾಚಕರಿಗಾಗಿ ಒಂದೆರಡು ಮಾತು. ಬೆಂಗಳೂರಿನ ಯಾವುದೋ ಬಡಾವಣೆಯಿಂದ ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ವ್ಯಾನು ಹೊರಡುತ್ತದೆ. ಎಪ್ಪತ್ತು ಕಿಲೋಮೀಟರು ಬಂದರೆ ಕೋಲಾರ, ಊರಿಗೆ ತಾಗಿದಂತೆಯೇ ಶತಶೃಂಗ ಪರ್ವತದ ಸಾಲು, ಅದರಲ್ಲಿ ಅಂತರಗಂಗೆ. ನಡುರಾತ್ರಿ ಕಳೆದ ಮೇಲೆ ಹಣೆಗೆ ದೀಪ ಕಟ್ಟಿಕೊಂಡ ಇಪ್ಪತ್ತು ಮೂವತ್ತು ಮಂದಿ ಒಬ್ಬ ‘ಮಾರ್ಗದರ್ಶಿ’ಯ ಹಿಂದೆ ಬಂಡೆಗಳ ಸಂದಿಯಲ್ಲಿ ನುಸುಳುತ್ತಾರೆ, ಗುಹೆಗಳಲ್ಲಿ ತೆವಳುತ್ತಾರೆ, ಮೇಲೆ ಹೋಗಿ ಬೆಂಕಿ ಹಾಕಿ ಹಾಡುತ್ತಾರೆ. ಪೂರ್ವ ದಿಕ್ಕು ಕೆಂಪಾಗುತ್ತಲೂ ಎಲ್ಲರೂ ಅದಕ್ಕೆ ಬೆನ್ನು ತಿರುಗಿಸಿ ತಮ್ಮ ಚಿತ್ರ ತಾವೇ ತೆಗೆದುಕೊಳ್ಳುತ್ತಾರೆ. ಹನ್ನೊಂದಕ್ಕೆ ಮತ್ತೆ ಬೆಂಗಳೂರು. ಇದಕ್ಕೆ ‘ಸೂರ್ಯೋದಯ ಚಾರಣ’ ಎಂದು ಹೆಸರು. ಚಾರಣರೆಂದರೆ ನಮ್ಮ ಹಳೆಯ ಜೈನಕಾವ್ಯಗಳಲ್ಲಿ ಆಕಾಶದಲ್ಲಿ ಸಂಚರಿಸಬಲ್ಲ ಋಷಿಗಳು. ಪದ ಎಲ್ಲಿಂದ ಎಲ್ಲಿಗೆ ಇಳಿಯಿತು ನೋಡಿ.

ಬೆಟ್ಟ ಹತ್ತಬಾರದೆಂದು ನಾನು ವಾದಿಸುತ್ತಿಲ್ಲ. ನಗರದ ನಾಲ್ಕು ಗೋಡೆಗಳ ನಡುವೆ ವಾರವೆಲ್ಲ ಕುಳಿತ ತರುಣ ತರುಣಿಯರು ಒಂದು ರಾತ್ರಿ ನಕ್ಷತ್ರಗಳನ್ನು ಕಾಣಲು ಬಂದರೆ ಸಂತೋಷಪಡಬೇಕಾದ ವಿಷಯ. ಅವರ ಹಾಡಿನ ಮೇಲೂ ನನಗೆ ಸಿಟ್ಟಿಲ್ಲ, ವಯಸ್ಸು ಹಾಡಿಸುತ್ತದೆ. ನನ್ನ ತಕರಾರು ಬಂದವರ ಮೇಲಲ್ಲ, ಕರೆತಂದವರ ಮೇಲೆ. ಬೆಟ್ಟವನ್ನು ತೋರಿಸುತ್ತೇನೆಂದು ಹಣ ಪಡೆದವನು ಆ ಬೆಟ್ಟವನ್ನು ಬಲ್ಲವನಾಗಿರಬೇಕು. ಬಲ್ಲವನು ಆ ಬೆಟ್ಟದ ಬುಡದ ಊರಿನವನಾಗಿದ್ದರೆ ಮಾತ್ರವೆ ಬೆಟ್ಟಕ್ಕೂ ಬಂದವರಿಗೂ ಕ್ಷೇಮ. ಇಷ್ಟೇ ನನ್ನ ವಾದ.

ನಾನು ಮುಳುಬಾಗಿಲು ತಾಲ್ಲೂಕು ಬೈರಕೂರಿನವನು. ಮುಳುಬಾಗಿಲು ಎಂದರೆ ಮೂಡಲ ಬಾಗಿಲು. ‘ಮೂಡು’ ಎಂದರೆ ಹುಟ್ಟು, ಏಳು; ಸೂರ್ಯ ಮೂಡುವ ದಿಕ್ಕೇ ಮೂಡಲು. ಎಂದರೆ ಕನ್ನಡನಾಡಿನೊಳಕ್ಕೆ ಸೂರ್ಯ ಕಾಲಿಡುವ ಹೊಸ್ತಿಲು ನಮ್ಮದು. ಅವನು ನಮ್ಮ ಟೊಮೇಟೊ ತೋಟಗಳನ್ನು ದಾಟಿದ ಮೇಲೆಯೇ ಬೆಂಗಳೂರಿನ ಕಿಟಕಿಗಳನ್ನು ತಟ್ಟುವುದು. ಆದರೆ ನಮ್ಮ ಕಡೆ ಸೂರ್ಯೋದಯ ನೋಡಬೇಕೆಂದು ಯಾರೂ ಏಳುವುದಿಲ್ಲ. ಡೈರಿಗೆ ಹಾಲು ಹಾಕಬೇಕೆಂದು ಏಳುತ್ತಾರೆ. ಸೂರ್ಯ ತನ್ನ ಪಾಡಿಗೆ ತಾನು ಹುಟ್ಟುತ್ತಾನೆ. ಹಾಲಿನ ಕ್ಯಾನು ಹಿಡಿದ ಹೆಂಗಸರು ಅವನನ್ನು ನೋಡುತ್ತಾರೋ ಇಲ್ಲವೋ ಹೇಳಲಾರೆ; ಅವನಂತೂ ಅವರನ್ನು ದಿನವೂ ನೋಡುತ್ತಾನೆ. ಇಂಥ ಊರಿನವನಿಗೆ ಸೂರ್ಯೋದಯದ ಬೆಲೆಪಟ್ಟಿ ಕಂಡರೆ ನಗು ಬರುವುದು ಸಹಜ. ನಗು ಮಾತ್ರ ಬಂದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ಒಮ್ಮೆ ನೆಂಟರ ಹುಡುಗರ ಒತ್ತಾಯಕ್ಕೆ ನಾನೂ ಅಂಥದೊಂದು ತಂಡದೊಡನೆ ಅಂತರಗಂಗೆಯ ಬೆಟ್ಟ ಹತ್ತಿದೆ. ಮಾರ್ಗದರ್ಶಿ ವಿನಯವುಳ್ಳ ಹುಡುಗ. ಮಾತಿಗೊಮ್ಮೆ “ಸಾರ್” ಎನ್ನುತ್ತಿದ್ದ. ಒಂದು ದೊಡ್ಡ ಗುಂಡಿನ ಮೇಲೆ ನಿಂತು, ದೀಪವನ್ನು ಸುತ್ತ ಬೀಸಿ, “ಇದೆಲ್ಲ ಒಂದು ಕಾಲದಲ್ಲಿ ಜ್ವಾಲಾಮುಖಿ. ಅದು ಸಿಡಿದಾಗ ಹಾರಿಬಿದ್ದ ಬಂಡೆಗಳೇ ಇವು. ಈಗ ಮಲಗಿದೆ” ಎಂದ. ಕೇಳುತ್ತಿದ್ದವರು ಬೆರಗಾಗಿ ಕಾಲ ಕೆಳಗಿನ ಕಲ್ಲನ್ನು ಮುಟ್ಟಿನೋಡಿದರು. ಬೆಚ್ಚಗಿದೆ ಎಂದು ಒಬ್ಬರಿಗೆ ಅನ್ನಿಸಿಯೂ ಬಿಟ್ಟಿತು! ಬೆಳಗ್ಗೆ ಇಳಿಯುವಾಗ ಮೇಕೆ ಹೊಡೆದುಕೊಂಡು ಎದುರಿಗೆ ಬಂದ ಮುದುಕರೊಬ್ಬರು ನಮ್ಮ ಸಾಲನ್ನು ನೋಡಿ, “ಏನ್ ಸ್ವಾಮಿ, ಬೆಂಗ್ಳೂರ್ನಾಗೆ ರಾತ್ರಿ ಹೊತ್ತು ನಿದ್ದೆ ಬರಲ್ವಾ?” ಎಂದು ಕೇಳಿದರು. ಅವರಿಗೆ ಉತ್ತರ ಕೊಡುವುದಕ್ಕೆ ಮಾರ್ಗದರ್ಶಿ ನಿಲ್ಲಲೂ ಇಲ್ಲ. ಬೆಟ್ಟದಲ್ಲಿ ಬೆಟ್ಟವನ್ನು ಬಲ್ಲವರು ಅವರೊಬ್ಬರೇ ಇದ್ದರು. ಸಂಬಳ ಮಾತ್ರ ಇನ್ನೊಬ್ಬನದು.

ನಿಜ ಸಂಗತಿ ಏನು? ಶತಶೃಂಗ ಜ್ವಾಲಾಮುಖಿಯಲ್ಲ. ಕರ್ನಾಟಕದಲ್ಲಿ ಜೀವಂತ ಜ್ವಾಲಾಮುಖಿ ಯಾವುದೂ ಇಲ್ಲ. ಭೂಮಿಯ ಆಳದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ನಿಧಾನವಾಗಿ ತಣಿದು ಗಟ್ಟಿಯಾದ ಗ್ರಾನೈಟ್ ಕಲ್ಲು, ಮೇಲಿನ ಮಣ್ಣು ಸವೆದು ಹೊರಬಿದ್ದಿದೆ. ಬಿಸಿಲು, ಮಳೆ, ಗಾಳಿಗೆ ಸಿಕ್ಕಿ ಸೀಳಿ, ಅಂಚು ಸವೆದು, ಗುಂಡುಗಳಾಗಿ ಒಂದರ ಮೇಲೊಂದು ನಿಂತಿದೆ. ಆ ಗುಂಡುಗಳ ನಡುವಿನ ಸಂದಿಗಳೇ ನಾವು ತೆವಳಿದ ಗುಹೆಗಳು. ಸಿಡಿತವಿಲ್ಲ, ಬೆಂಕಿಯಿಲ್ಲ, ಇರುವುದು ತಾಳ್ಮೆ ಮಾತ್ರ.

ಆದರೆ ಹೊಟ್ಟೆ ಉರಿಯುವುದು ಇಲ್ಲಿ: ಕೋಲಾರ ಸೀಮೆಯಲ್ಲಿ ಜ್ವಾಲಾಮುಖಿಯ ಕುರುಹು ನಿಜವಾಗಿಯೂ ಇದೆ. ಅದಿರುವುದು ಬೆಟ್ಟದ ತುದಿಯಲ್ಲಲ್ಲ. ಚಿನ್ನದ ಗಣಿಗಳ ಪಟ್ಟಿಯಲ್ಲಿ. ಸುಮಾರು 270 ಕೋಟಿ ವರ್ಷಗಳ ಹಿಂದೆ ಅಲ್ಲಿ ಲಾವಾ ಹರಿಯಿತು. ನೀರಿನೊಳಗೆ ಹರಿದ ಲಾವಾ ಹೊರಮೈ ತಟಕ್ಕನೆ ಹೆಪ್ಪುಗಟ್ಟಿ ದಿಂಬಿನ ಆಕಾರ ತಾಳುತ್ತದೆ. ಅಂಥ ದಿಂಬುಲಾವಾವನ್ನೂ ಜ್ವಾಲಾಮುಖಿ ಉಗುಳಿದ ಚೂರುಗಳು ಬೆಸೆದ ಕಲ್ಲನ್ನೂ ಪೆದ್ದಪಲ್ಲಿಯಲ್ಲಿ ಗುರುತಿಸಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ದಿಂಬುಲಾವಾ ಇದೆ ಎಂದರೆ ಅಲ್ಲಿ ನೀರಿತ್ತು ಎಂದರ್ಥ. ಸಾವಿರ ಅಡಿ ಕೊಳವೆಬಾವಿ ಕೊರೆದು ದೂಳು ಕಂಡ ನಮ್ಮ ಜಿಲ್ಲೆ ಒಂದಾನೊಂದು ಕಾಲಕ್ಕೆ ನೀರಿನ ತಳವಾಗಿತ್ತು! ಆ ಹಳೆಯ ಲಾವಾ ಶಿಲೆಯ ಬಿರುಕುಗಳಲ್ಲಿ ಕೂಡಿದ ಚಿನ್ನವನ್ನೇ ಮನುಷ್ಯರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಹೀಗೆ ಜ್ವಾಲಾಮುಖಿಯಿಲ್ಲದ ಕಡೆ ಜ್ವಾಲಾಮುಖಿಯನ್ನು ಮಾರುತ್ತಾರೆ. ಇದ್ದ ಕಡೆಗೆ ಒಂದು ವ್ಯಾನೂ ಹೋಗುವುದಿಲ್ಲ. ಅಜ್ಞಾನಕ್ಕೆ ಇಷ್ಟು ಒಳ್ಳೆಯ ಬೆಲೆ ಸಿಗುವುದಾದರೆ ನಾವು ಮೇಷ್ಟರುಗಳು ಯಾಕೆ ಪಾಠ ಹೇಳಬೇಕು?

“ಜನ ಬರುವುದು ಹಗುರವಾಗಲಿಕ್ಕೆ, ಪಾಠ ಕೇಳಲಿಕ್ಕಲ್ಲ” ಎನ್ನುವವರುಂಟು. ಒಪ್ಪೋಣ. ಹಾಗಾದರೆ ಆ ಹುಡುಗ ಜ್ವಾಲಾಮುಖಿಯ ಕಥೆಯನ್ನಾದರೂ ಯಾಕೆ ಕಟ್ಟಿದ? ಕೇಳುವವರಿಗೆ ಕಥೆ ಬೇಕು ಎಂದು ಅವನಿಗೆ ಚೆನ್ನಾಗಿ ಗೊತ್ತು. ತಾನು ಯಾವ ನೆಲದ ಮೇಲೆ ನಿಂತಿದ್ದೇನೆ ಎಂದು ತಿಳಿಯುವ ಹಸಿವು ಮನುಷ್ಯನಿಗೆ ಹುಟ್ಟುಗುಣ. ಹಸಿದವನಿಗೆ ಅನ್ನವಿದ್ದೂ ಹೊಟ್ಟು ಬಡಿಸಿದರೆ ಅದು ವ್ಯಾಪಾರವೂ ಅಲ್ಲ, ಮೋಸ.

ಇಲ್ಲಿ ಅನ್ನಕ್ಕೇನು ಬರಗಾಲವೆ? ಅಂತರಗಂಗೆಯಲ್ಲಿ ಕಾಶಿ ವಿಶ್ವೇಶ್ವರನ ಗುಡಿಯ ಬಳಿ ಕಲ್ಲಿನ ಬಸವನ ಬಾಯಿಂದ ನೀರು ಬಿದ್ದು ಕಲ್ಯಾಣಿ ತುಂಬುತ್ತದೆ. ನದಿಯೆಂಬುದು ಹೆಸರಿಗಷ್ಟೇ ಇರುವ ಜಿಲ್ಲೆಯಲ್ಲಿ ಆ ನೀರು ಕಲ್ಲಿನ ಯಾವ ಸಂದಿಯಿಂದ ಬರುತ್ತದೆ ಎಂಬುದೇ ಒಂದು ಗಂಟೆಯ ಮಾತು. ಆ ಬೆಟ್ಟದ ನೆತ್ತಿಯ ಮೇಲೆ ತೇರಹಳ್ಳಿ ಮೊದಲಾದ ಹಳ್ಳಿಗಳಿವೆ, ಉಳುಮೆಯಿದೆ, ಮನೆಗಳಲ್ಲಿ ಮಲಗಿರುವ ಮಕ್ಕಳಿದ್ದಾರೆ ಎಂಬುದನ್ನು ನಡುರಾತ್ರಿ ಕೇಕೆ ಹಾಕುವವರಿಗೆ ಯಾರೂ ಹೇಳಿರುವುದಿಲ್ಲ. ಜಮದಗ್ನಿ, ರೇಣುಕೆ, ಪರಶುರಾಮರ ಕಥೆಯನ್ನು ಜನ ಆ ಬೆಟ್ಟಸಾಲಿಗೆ ಹೊಂದಿಸಿ ಹೇಳುತ್ತಾರೆ.

ನಮ್ಮ ತಾಲ್ಲೂಕಿಗೆ ಬನ್ನಿ. ಆವನಿಯ ಬೆಟ್ಟದ ಮೇಲೆ ಸೀತೆಗೆ ಗುಡಿಯಿದೆ. ಲವಕುಶರು ಹುಟ್ಟಿದ್ದು ಅಲ್ಲಿಯೇ ಎಂದು ನಂಬಿ ಮಕ್ಕಳಿಲ್ಲದ ಹೆಂಗಸರು ಇಂದಿಗೂ ಹತ್ತಿ ಹೋಗುತ್ತಾರೆ. ಬೆಟ್ಟದ ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ. ಹತ್ತನೆಯ ಶತಮಾನದಲ್ಲಿ ತ್ರಿಭುವನಕರ್ತನೆಂಬ ಶೈವಗುರು ಆ ಸ್ಥಾನವನ್ನು ನಲವತ್ತು ವರ್ಷ ಆಳಿ, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಬಿ. ಎಲ್. ರೈಸ್ ಸಾಹೇಬರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿಯೇ ಸಂಪುಟವಾಗಿ ಅಚ್ಚು ಹಾಕಿಸಿದ್ದಾರೆ. ಗುಡಿ ಕಟ್ಟಿದವನು ಕೆರೆಯನ್ನೂ ಕಟ್ಟಿದ ಎಂಬ ಒಂದು ಸಂಗತಿ ಸಾಕು, ಈ ಸೀಮೆಯ ಸಾವಿರ ವರ್ಷದ ಕಷ್ಟಸುಖ ತಿಳಿಯುವುದಕ್ಕೆ. ಇನ್ನು ಕುರುಡುಮಲೆ, ದೇವತೆಗಳು ಕೂಡುತ್ತಿದ್ದ ಮಲೆ, ಕೂಡುಮಲೆ ಎಂದು ಜನ ಹೆಸರನ್ನು ಬಿಡಿಸುತ್ತಾರೆ. ಬೆಂಗಳೂರಿನ ಮನೆಮನೆಯ ಗೋಡೆಯ ಮೇಲೆ ಕಗ್ಗದ ಪದ್ಯ ತೂಗುಹಾಕಿರುತ್ತಾರಷ್ಟೆ? ಅದನ್ನು ಬರೆದ ಡಿ. ವಿ. ಜಿ.ಯವರು 1887ರಲ್ಲಿ ಹುಟ್ಟಿದ್ದು ಇದೇ ಮುಳುಬಾಗಿಲಿನಲ್ಲಿ. ಇದೊಂದನ್ನು ಬೆಟ್ಟದ ಮೇಲೆ ನಿಂತು, ಕೆಳಗಿನ ಊರಿನ ಕಡೆ ಕೈತೋರಿಸಿ ಹೇಳಿದರೆ ಬಂದವರ ಮೈ ಜುಮ್ಮೆನ್ನುವುದಿಲ್ಲವೆ? ಹೇಳುವವರಿಲ್ಲ.

ಈಗ ಹಣದ ಮಾತು. ನಮ್ಮ ವಡ್ಡಹಳ್ಳಿಯ ಟೊಮೇಟೊ ಮಾರುಕಟ್ಟೆಯನ್ನು ಹೆದ್ದಾರಿಯಲ್ಲಿ ಹಾದುಹೋದವರೆಲ್ಲ ನೋಡಿರಬಹುದು. ಬೆಳೆದವನು ಬೆಳಗಿನ ಜಾವ ಬಾಕ್ಸು ಇಳಿಸಿ ನಿಂತಿರುತ್ತಾನೆ. ಕೂಗುವವನು ಇನ್ನೊಬ್ಬ, ಕಮಿಷನ್ನು ಮತ್ತೊಬ್ಬನಿಗೆ. ದೂರದ ಊರಿನಲ್ಲಿ ಅದೇ ಹಣ್ಣು ನಾಲ್ಕರಷ್ಟು ಬೆಲೆಗೆ ಹೋದರೂ ಬೆಳೆದವನ ಕೈಗೆ ಬರುವುದು ಚಿಲ್ಲರೆ. ಟೊಮೇಟೊದಲ್ಲಾದರೂ ದಲ್ಲಾಳಿ ಹಣ್ಣನ್ನು ಬೆಳೆದವನಿಂದ ಕೊಳ್ಳುತ್ತಾನೆ. ಸೂರ್ಯೋದಯದ ದಲ್ಲಾಳಿ ಯಾರಿಂದಲೂ ಏನನ್ನೂ ಕೊಳ್ಳುವುದಿಲ್ಲ. ಬೆಟ್ಟ ಬಿಟ್ಟಿ, ಬಂಡೆ ಬಿಟ್ಟಿ, ಬಸವನ ಬಾಯಿಯ ನೀರು ಬಿಟ್ಟಿ. ತಲೆಗೆ ಸಾವಿರ ರೂಪಾಯಿಗೆ ಮೇಲ್ಪಟ್ಟು ವಸೂಲು ಮಾಡಿದ ವ್ಯಾನು ಊರಿಗೆ ಬಿಟ್ಟುಹೋಗುವುದು ಬೂದಿ, ಪ್ಲಾಸ್ಟಿಕ್ಕು, ನಾಲ್ಕು ಲೋಟ ಚಹದ ಕಾಸು. ಇತ್ತ ಬೆಟ್ಟದ ಬುಡದ ಹುಡುಗ ಪದವಿ ಮುಗಿಸಿ, ಬೆಂಗಳೂರಿನಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ತಲುಪಿಸುತ್ತಿರುತ್ತಾನೆ. ಅಂಥವರು ನನ್ನ ಶಿಷ್ಯರಲ್ಲಿ ಒಬ್ಬಿಬ್ಬರಲ್ಲ. ಆ ಊಟ ತಿಂದವರು ಶನಿವಾರ ಅವನ ಊರಿನ ಬೆಟ್ಟಕ್ಕೆ ಬರುತ್ತಾರೆ, ಇನ್ನಾರದೋ ಹಿಂದೆ!

ಇದಕ್ಕೆಲ್ಲ ಮದ್ದು ನಿಷೇಧ ಎನ್ನುವ ಮಹನೀಯರಿದ್ದಾರೆ. ಟಿಕೆಟ್ಟು ಎನ್ನುವವರೂ ಇದ್ದಾರೆ. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಇರುವೆ ಸಾಲಿನಂತೆ ನಿಂತ ಚಿತ್ರವನ್ನು ಎಲ್ಲರೂ ಕಂಡರು. ಅದರ ಬೆನ್ನಿಗೇ, ಆನ್‌ಲೈನ್ ಟಿಕೆಟ್ಟಿನ ಏರ್ಪಾಡಿಲ್ಲದ ಚಾರಣಗಳನ್ನು ಸರ್ಕಾರ ತಡೆಯಿತು. ಆಮೇಲೆ ಟಿಕೆಟ್ಟಿನ ವ್ಯವಸ್ಥೆ ಬಂತು. ಎಣಿಕೆ ಬೇಕು, ಮಿತಿ ಬೇಕು, ಸಂದೇಹವಿಲ್ಲ. ಆದರೆ ಟಿಕೆಟ್ಟು ತಲೆಯನ್ನು ಎಣಿಸಬಲ್ಲದೇ ಹೊರತು ಕಾಯಲಾರದು. ಇಂಡೊನೇಷ್ಯದ ಸುಮಾತ್ರ ದ್ವೀಪದಲ್ಲಿ ಮರಾಪಿ ಎಂಬ ನಿಜವಾದ ಜ್ವಾಲಾಮುಖಿಯೊಂದಿದೆ. ಅದರ ಬಾಯಿಯ ಸುತ್ತ ಮೂರು ಕಿಲೋಮೀಟರು ಯಾರೂ ಸುಳಿಯಬಾರದೆಂದು ಆ ದೇಶದ ಜ್ವಾಲಾಮುಖಿ ತಜ್ಞರು ಹೇಳುತ್ತಲೇ ಬಂದಿದ್ದರು. ಇನ್ನೊಂದು ಇಲಾಖೆ ಹತ್ತುವವರಿಗೆ ಆನ್‌ಲೈನಿನಲ್ಲಿ ಪರವಾನಗಿ ಕೊಡುತ್ತಲೇ ಇತ್ತು. 2023ರ ಡಿಸೆಂಬರಿನಲ್ಲಿ ಬೆಟ್ಟ ಸಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಅವರಲ್ಲಿ ಕ್ರಮವಾಗಿ ಹೆಸರು ಬರೆಸಿ ಹತ್ತಿದವರೂ ಇದ್ದರು. ನಮ್ಮ ಬೆಟ್ಟಗಳು ಸಿಡಿಯುವುದಿಲ್ಲ, ನಿಜ. ಆದರೆ ಮಳೆಗೆ ಜಾರುತ್ತವೆ. ಸೂರ್ಯೋದಯದ ಭಕ್ತರ ಕಾಶಿಯಾದ ನಂದಿಬೆಟ್ಟದಲ್ಲಿ 2021ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಯೇ ಕೊಚ್ಚಿಹೋಗಲಿಲ್ಲವೆ? ಯಾವ ಬಂಡೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಯಾವ ಸಂದಿಯಲ್ಲಿ ಹೆಜ್ಜೇನು ಕೂರುತ್ತದೆ ಎಂಬುದು ಕಚೇರಿಯ ಯಂತ್ರಕ್ಕೆ ತಿಳಿಯದು. ಮೇಕೆ ಕಾಯುವವರಿಗೆ ತಿಳಿದಿರುತ್ತದೆ.

ಸುಮಾತ್ರಕ್ಕೆ ಹೋದ ಮೇಲೆ ಬಾಲಿಯನ್ನೂ ನೋಡಿಬಿಡೋಣ. ಈಚೆಗೆ ಬೆಂಗಳೂರಿನಲ್ಲಿ ಬಾಲಿ ನೋಡದವರೇ ವಿರಳ. ಅಲ್ಲಿಯ ಬಟೂರ್ ಬೆಟ್ಟ 1,717 ಮೀಟರು ಎತ್ತರದ ಜೀವಂತ ಜ್ವಾಲಾಮುಖಿ. ಕತ್ತಲಲ್ಲಿ ಹೊರಟು ಸೂರ್ಯೋದಯಕ್ಕೆ ತುದಿ ಸೇರುವುದು ಅಲ್ಲಿಯೂ ವ್ಯಾಪಾರವೇ. ಬೆಟ್ಟದ ಉಗಿಯಲ್ಲಿ ಬೇಯಿಸಿದ ಮೊಟ್ಟೆ ಅಲ್ಲಿಯ ಉಪಾಹಾರ. ಆದರೆ ಮುಂದೆ ನಡೆಯುವವರು ಆ ಬೆಟ್ಟದ ಊರುಗಳ ಜನ. ಅವರದೇ ಸಂಘವಿದೆ, ಅವರನ್ನು ಬಿಟ್ಟು ಹತ್ತಹೊರಟವರನ್ನು ಅವರು ತಡೆಯುತ್ತಾರೆ. ಇದು ಜುಲುಮೆ ಎಂದು ಪ್ರವಾಸಿಗರು ಗೊಣಗುತ್ತಾರೆ. ಇರಬಹುದು, ಆದರೆ 1926ರಲ್ಲಿ ಆ ಬೆಟ್ಟ ಉಕ್ಕಿದಾಗ ಮುಚ್ಚಿಹೋದದ್ದು ಅವರ ಅಜ್ಜಂದಿರ ಊರು, ಅವರ ದೇವಸ್ಥಾನ. ಉಳಿದ ದೇವರನ್ನು ಹೊತ್ತು ಮೇಲಿನ ದಿಣ್ಣೆಗೆ ಹೋಗಿ ಹೊಸ ಗುಡಿ ಕಟ್ಟಿದವರು ಅವರು. ಬೆಟ್ಟದ ಕೋಪ ಸಹಿಸಿದವರಿಗೆ ಬೆಟ್ಟದ ಗಳಿಕೆಯಲ್ಲಿ ಪಾಲು ಇರಬಾರದೆ?

“ನಿಮ್ಮ ಹಳ್ಳಿಯ ಹುಡುಗರಿಗೆ ಮಾತ್ರ ಶಾಸನ, ಶಿಲೆ ಎಲ್ಲ ಗೊತ್ತೆ? ಅವರೂ ನಾಳೆ ಸುಲಿಗೆಗೆ ನಿಲ್ಲುವುದಿಲ್ಲವೆ?” ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಹುಟ್ಟಿದ ಮಾತ್ರಕ್ಕೆ ಯಾರೂ ಬಲ್ಲವರಾಗುವುದಿಲ್ಲ. ಆದಕಾರಣ ಕಲಿಸಬೇಕು. ಜಿಲ್ಲೆಯ ಕಾಲೇಜುಗಳಲ್ಲಿ ಕನ್ನಡ, ಚರಿತ್ರೆ, ಭೂವಿಜ್ಞಾನ, ಸಸ್ಯಶಾಸ್ತ್ರ ಹೇಳುವವರು ಕೂಡಿ ಮೂರು ತಿಂಗಳ ಪಾಠ ಏರ್ಪಡಿಸುವುದು ಹರಬ್ರಹ್ಮ ವಿದ್ಯೆಯಲ್ಲ. ಪರೀಕ್ಷೆಯನ್ನು ಬೆಟ್ಟದ ಮೇಲೆಯೇ ಮಾಡೋಣ. ತೇರ್ಗಡೆಯಾದವರಿಗೆ ಅರಣ್ಯ ಇಲಾಖೆಯೂ ಗ್ರಾಮ ಪಂಚಾಯತಿಯೂ ಜೊತೆಯಾಗಿ ಬಿಲ್ಲೆ ಕೊಡಲಿ. ಬಿಲ್ಲೆಯಿಲ್ಲದವನು, ಅವನು ಬೆಂಗಳೂರಿನವನಾಗಲಿ ಬೈರಕೂರಿನವನಾಗಲಿ, ಹಣ ಪಡೆದು ಜನರನ್ನು ಹತ್ತಿಸಕೂಡದು. ದರವನ್ನು ಬುಡದಲ್ಲಿ ಹಲಗೆಯ ಮೇಲೆ ಬರೆದುಹಾಕಲಿ. ಸುಲಿಗೆಗೆ ಅದೇ ಬೇಲಿ. ಬಂದ ಹಣದಲ್ಲಿ ಒಂದು ಪಾಲು ಮೆಟ್ಟಿಲಿಗೆ, ಕಲ್ಯಾಣಿಗೆ, ಕಸಕ್ಕೆ ಮೀಸಲಾಗಲಿ. ಹೊರಡುವುದು ನಡುರಾತ್ರಿಯಲ್ಲಿ ಅಲ್ಲ. ದಾರಿ ಬಲ್ಲವನ ಹಿಂದೆ ನಾಲ್ಕೂವರೆಗೆ ಹೊರಟರೆ ಅಂತರಗಂಗೆಯಂಥ ಬೆಟ್ಟದಲ್ಲಿ ಸೂರ್ಯನಿಗಿಂತ ಮುಂಚೆ ಮೇಲಿರಬಹುದು. ಬೆಂಕಿಯೂ ಬೇಡ, ಧ್ವನಿವರ್ಧಕವೂ ಬೇಡ. ಬೆಂಗಳೂರಿನ ಸಂಸ್ಥೆಗಳಿಗೂ ಇದರಲ್ಲಿ ನಷ್ಟವಿಲ್ಲ. ವ್ಯಾನು ಅವರದೇ ಇರಲಿ, ಬೆಟ್ಟ ನಮ್ಮದಾಗಿರಲಿ.

ಇದು ನಾಲ್ಕು ಹುಡುಗರ ಕೂಲಿಯ ಪ್ರಶ್ನೆ ಮಾತ್ರ ಎಂದು ಯಾರೂ ತಿಳಿಯಬಾರದು. ನಮ್ಮ ಜಿಲ್ಲೆಯಲ್ಲಿ ಬೆಟ್ಟಕ್ಕೆ ಇನ್ನೊಬ್ಬ ಗಿರಾಕಿ ಇದ್ದಾನೆ. ಅವನು ಸೂರ್ಯೋದಯಕ್ಕೆ ಕಾಯುವವನಲ್ಲ. ಮದ್ದು ತುಂಬಿ ಸಿಡಿಸಿ, ಜಲ್ಲಿ ಮಾಡಿ, ಲಾರಿಗೆ ತುಂಬುವವನು. ಬೆಟ್ಟದಿಂದ ಊರಿಗೆ ಅನ್ನವಿಲ್ಲವೆಂದಾದರೆ ಕ್ವಾರಿಯವನು ಕೂಲಿ ತೋರಿಸಿದ ದಿನ ಊರು ಸುಮ್ಮನಿರುತ್ತದೆ. ಸುಮ್ಮನಿರದೆ ಏನು ಮಾಡೀತು? ಬೆಟ್ಟ ನಿಂತಿರುವುದರಿಂದಲೇ ಹತ್ತು ಮನೆಯ ಒಲೆ ಉರಿಯುವುದಾದರೆ ಆ ಹತ್ತು ಮನೆಯವರು ಸಾಕು, ಹಗಲಿರುಳು ಕಾಯುತ್ತಾರೆ. ಯಾವ ಕಾನೂನಿಗೂ ಅಷ್ಟು ಕಣ್ಣುಗಳಿಲ್ಲ. ಇನ್ನೂರು ಕೋಟಿ ವರ್ಷಕ್ಕೂ ಮೇಲ್ಪಟ್ಟು ವಯಸ್ಸಾದ ಕಲ್ಲನ್ನು ನಾವು ಒಂದು ತಲೆಮಾರಿನಲ್ಲಿ ರಸ್ತೆಗೆ ಹಾಸಿ ಮುಗಿಸಬಲ್ಲೆವು. ಸೂರ್ಯ ಆಗಲೂ ಹುಟ್ಟುತ್ತಾನೆ. ಹತ್ತಿ ನೋಡುವುದಕ್ಕೆ ಬೆಟ್ಟವಿರುವುದಿಲ್ಲ.

ಆದ್ದರಿಂದ ಬೆಂಗಳೂರಿನ ವಾಚಕರಲ್ಲಿ ಒಂದು ಬಿನ್ನಹ. ಬನ್ನಿ, ಮಕ್ಕಳನ್ನೂ ಕರೆತನ್ನಿ. ಆದರೆ ಹಣ ಕೊಡುವ ಮೊದಲು ಮುಂದೆ ನಡೆಯುವವನನ್ನು ಎರಡು ಪ್ರಶ್ನೆ ಕೇಳಿ: ಈ ಬೆಟ್ಟದ ನೀರು ಯಾವ ಕೆರೆಗೆ ಹೋಗುತ್ತದಪ್ಪ? ನಿನ್ನ ಊರು ಯಾವುದು? ಎರಡಕ್ಕೂ ಅವನು ಸಲೀಸಾಗಿ ಕೈಚಾಚಿ ತೋರಿಸಿದರೆ ಧೈರ್ಯವಾಗಿ ಅವನ ಹಿಂದೆ ಹತ್ತಿ. ತೋರಿಸದಿದ್ದರೆ ಅಲ್ಲಿಯೇ ಬುಡದಲ್ಲಿ ಕುಳಿತುಕೊಳ್ಳಿ. ಸೂರ್ಯ ಅಲ್ಲಿಗೂ ಬರುತ್ತಾನೆ, ಅವನಿಗೆ ಕಾಸು ಕೊಡಬೇಕಾಗಿಲ್ಲ.